ಕೆರೆಯ ಸುತ್ತಿನ ದಾರಿ

ಅಕ್ಕಿಯ ಎರಡನೆಯ ನೀರನ್ನು ಎಡಗೈಯಲ್ಲೇ ಬಸಿಯುತ್ತಿದ್ದಾಗ ಗೇಟಿನ ಬಳಿ ಗಂಡನ ದನಿ ಏರಿದ್ದು ಅವಳಿಗೆ ಕೇಳಿಸಿತು. ಪಾತ್ರೆ ಕೆಳಗಿಟ್ಟಳು. ಬಲಭುಜ ಹಿಡಿದುಕೊಂಡಾಗಿನಿಂದ ವಾರಕ್ಕೊಮ್ಮೆ ಆಸ್ಪತ್ರೆಗೆ ಹೋಗಿ ವ್ಯಾಯಾಮ ಮಾಡಿಸಿಕೊಂಡು ಟ್ಯಾಕ್ಸಿಯಲ್ಲಿ ಬರುತ್ತಿದ್ದಳು. ಇವತ್ತೂ ಹಾಗೆಯೇ ಬಂದು ಇಳಿದರೆ, ಎಂದೂ ಆ ಹೊತ್ತಿಗೆ ಮನೆಯಲ್ಲಿರದ ಗಂಡ ಗೇಟಿನಲ್ಲಿ ನಿಂತಿದ್ದ. "ನೀನು ಒಳಗೆ ನಡಿ, ಬಾಡಿಗೆ ನಾನು ಕೊಡ್ತೀನಿ" ಅಂದಿದ್ದ. ಅವಳು ಪರ್ಸಿನ ಮೇಲಿಟ್ಟ ಕೈ ತೆಗೆದು ಒಳಗೆ ಬಂದಿದ್ದಳು.

"ಯಾವಾಗಲೂ ಬರೋದಕ್ಕಿಂತ ಒಂದೂವರೆ ಪಟ್ಟು ಬಂದಿದೆ. ನಿನ್ನ ಮೀಟರ್‌ಗೇನು ಬಕಾಸುರನ ಹೊಟ್ಟೇನಯ್ಯಾ?"

"ಮೀಟರ್ ಸರಿಯಾಗೇ ಇದೆ ಸರ್. ಕೆರೆ ರಸ್ತೇಲಿ ಬಂದ್ವಿ, ಅದಕ್ಕೆ."

"ಕೆರೆ ರಸ್ತೆ? ಆಸ್ಪತ್ರೆ ಎಲ್ಲಿ, ಕೆರೆ ಎಲ್ಲಿ? ನನ್ನ ಕಿವಿ ಮೇಲೇ ಹೂ ಇಡ್ತೀಯಾ?"

ಗಂಡ ಅಂಗಡಿಗಳ ತಕ್ಕಡಿ, ತೂಕದ ಕಲ್ಲು ಪರೀಕ್ಷಿಸುವ ಕಚೇರಿಯವನು. ತರಕಾರಿಯವರು ಅವನನ್ನು ಕಂಡರೆ ಕೇಳದೆಯೇ ಎರಡು ಬೆಂಡೆಕಾಯಿ ಹೆಚ್ಚಿಗೆ ಹಾಕುತ್ತಿದ್ದರು. ಅವನು ಅದನ್ನೂ ಎತ್ತಿ ವಾಪಸು ಇಡುತ್ತಿದ್ದ. ಮೋಸ ಅಂದರೆ ಅವನಿಗೆ ಮೈಯೆಲ್ಲ ಉರಿ. ಅವನ ಆ ಗುಣ ಅವಳಿಗೂ ಇಷ್ಟವೇ.

ಇವತ್ತು ಆಸ್ಪತ್ರೆಯ ಬಾಗಿಲಲ್ಲಿ ಟ್ಯಾಕ್ಸಿ ಹತ್ತಿ ಕೂತವಳು, ಏನೆನ್ನಿಸಿತೋ, "ಕೆರೆ ಸುತ್ತ ಹಾಕ್ಕೊಂಡು ಹೋಗಿ" ಎಂದಿದ್ದಳು.

"ಅಲ್ಲೇನಾದ್ರೂ ಕೆಲ್ಸ ಇದ್ಯಾ ಅಕ್ಕಾ?"

"ಏನೂ ಇಲ್ಲ. ನಿಧಾನ ಹೋಗಿ, ಅಷ್ಟೇ."

ಚಾಲಕ ನಕ್ಕುಬಿಟ್ಟಿದ್ದ. "ನನ್ನ ಗಾಡೀಲಿ ನಿಧಾನ ಹೋಗು ಅಂದೋರು ನೀವೇ ಮೊದಲು. ಉಳಿದೋರೆಲ್ಲ ಬೇಗ ಬೇಗ ಅಂತ ನನ್ನ ಬೆನ್ನ ಮೇಲೇ ಕೂತಿರ್ತಾರೆ." ಆಮೇಲೆ ಅವನು ಮಾತಾಡಲಿಲ್ಲ. ರೇಡಿಯೋವನ್ನೂ ಆರಿಸಿದ. ಅವಳು ಗಾಜು ಇಳಿಸಿ, ಚಪ್ಪಲಿ ಬಿಟ್ಟು, ಕಾಲು ಮೇಲೆ ಮಡಚಿಕೊಂಡು ನೀರನ್ನೇ ನೋಡುತ್ತ ಕೂತಿದ್ದಳು. ಟವೆಲ್ ಎಲ್ಲಿ, ಕನ್ನಡಕ ಎಲ್ಲಿ, ನೋವು ಹೇಗಿದೆ ಎಂದು ಅಷ್ಟು ಹೊತ್ತು ಯಾರೂ ಅವಳನ್ನು ಏನೂ ಕೇಳಿರಲಿಲ್ಲ. ಹೆಚ್ಚಾಗುವ ಬಾಡಿಗೆಗೆ ಅವಳ ಹೊಲಿಗೆಯ ದುಡ್ಡು ಪರ್ಸಿನ ಒಳಜೇಬಿನಲ್ಲಿ ಇದ್ದೇ ಇತ್ತು. ಗಂಡ ಗೇಟಿನಲ್ಲಿರುತ್ತಾನೆ ಎಂದು ಯಾರಿಗೆ ಗೊತ್ತಿತ್ತು?

ಒದ್ದೆ ಕೈ ಒರೆಸಿಕೊಳ್ಳುತ್ತ ಅವಳು ಬಾಗಿಲಿಗೆ ಬಂದಳು.

"ಹತ್ತಿರದ ದಾರೀಲಿ ತಂದು ಬಿಡೋದು ನಿನ್ನ ಕರ್ತವ್ಯ, ಗೊತ್ತಾ? ಅದು ಕೂತೋರ ಹಕ್ಕು. ಹೆಂಗಸು ಒಬ್ಬಳೇ ಇದ್ದಾಳೆ, ಕೈ ಬೇರೆ ನೋವು, ಕೇಳೋರು ಯಾರಿದ್ದಾರೆ ಅಂದ್ಕೊಂಡ್ಯಾ?"

ಚಾಲಕ ಅವಳ ಕಡೆ ತಿರುಗಿದ. "ಅಕ್ಕಾ, ನೀವೇ ಹೇಳಿ."

ನಾನೇ ಹೇಳಿದ್ದು ಎಂದರೆ ಮುಗಿಯುತ್ತಿತ್ತು. ಆದರೆ ಅದರ ಬೆನ್ನಿಗೇ ಗಂಡ ಯಾಕೆ ಎಂದು ಕೇಳುತ್ತಾನೆ. ಆ ಯಾಕೆಗೆ ಅವಳ ಹತ್ತಿರ, ಅವನ ಮುಂದೆ ಇಟ್ಟರೆ ತೂಗುವಂಥ ಉತ್ತರವಿರಲಿಲ್ಲ.

"ನಂಗೆ ದಾರಿ ಅಷ್ಟು ಗೊತ್ತಾಗಲ್ಲ" ಎಂದಳು.

ಚಾಲಕ ಅವಳನ್ನೇ ನೋಡಿದ. ಅವನ ಮುಖದಲ್ಲಿ ಸಿಟ್ಟಿದ್ದಿದ್ದರೆ ಅವಳಿಗೆ ಎಷ್ಟೋ ಹಗುರಾಗುತ್ತಿತ್ತು.

"ಸರಿ ಸರ್. ಯಾವಾಗಲೂ ಕೊಡೋದನ್ನೇ ಕೊಡಿ. ದೂರು ಮಾತ್ರ ಬೇಡ. ಮಾಲೀಕರು ಗಾಡಿ ಕೀ ಕಿತ್ಕೊಂಡು ಮನೆಗೆ ಕಳಿಸ್ತಾರೆ."

"ಅದು ಸುತ್ತಿಸೋಕೆ ಮುಂಚೆ ನೆನಪಾಗ್ಬೇಕಿತ್ತು" ಎನ್ನುತ್ತ ಗಂಡ ಗಾಡಿಯ ನಂಬರಿನ ಫೋಟೋ ತೆಗೆದುಕೊಂಡ.

ಊಟಕ್ಕೆ ಕೂತಾಗ ಅವನು ಗೆದ್ದ ಖುಷಿಯಲ್ಲಿದ್ದ. "ಟ್ಯಾಕ್ಸಿ ಕಚೇರಿಗೆ ದೂರು ಕೊಟ್ಟಾಯ್ತು. ನಾಳೆ ಬೆಳಿಗ್ಗೆ ನಿನ್ನ ಫೋನಿಗೆ ಮಾಡಿ ಕೇಳ್ತಾರಂತೆ, ಗಾಡೀಲಿ ಇದ್ದಿದ್ದು ನೀನಲ್ವಾ. ಸುತ್ತಿಸಿದ್ದು ಹೌದು ಅಂದ್ರೆ ಸಾಕು. ಬೇಡ, ನಾನೇ ಎತ್ಕೋತೀನಿ, ನೀನು ತಡವರಿಸ್ತೀಯ."

"ಹೋಗ್ಲಿ ಬಿಟ್ಟುಬಿಡೋಣ ಅಂದ್ರೆ ಆಗಲ್ವೇನ್ರೀ? ಪಾಪ."

"ಪಾಪ ಅಂತೆ! ನಿನ್ನ ಈ ಪಾಪಾನೇ ಇಂಥವರಿಗೆ ಬಂಡವಾಳ. ಮುಂದಿನ ವಾರದಿಂದ ನಾನೇ ಜೊತೆಗೆ ಬರ್ತೀನಿ, ರಜೆಗೆ ಹೇಳಿಟ್ಟಿದೀನಿ. ಆಮೇಲೆ ಯಾರು ಸುತ್ತಿಸ್ತಾರೆ ನೋಡೋಣ." ಎದ್ದವನು, ಅವಳ ಭುಜ ನೋಯದಿರಲೆಂದು ತನ್ನ ತಟ್ಟೆಯ ಜೊತೆಗೆ ಅವಳದನ್ನೂ ಸಿಂಕಿಗೆ ಒಯ್ದ.

ಅವಳು ಒಲೆ ಒರೆಸಿದಳು. ಒರೆಸಿದ್ದನ್ನೇ ಮತ್ತೆ ಒರೆಸಿದಳು. ನಾಳೆ ಯಾರೋ ಟ್ಯಾಕ್ಸಿ ಕಚೇರಿಯವರು, ನಾನೇ ಹೇಳಿದ್ದು ಎಂಬ ಅವಳ ಮಾತು ಕೇಳಿಸಿಕೊಂಡು ದೂರು ಕೈಬಿಟ್ಟಾರು. ಆದರೆ ಗೇಟಿನಲ್ಲಿ ಅವಳ ಮುಖ ನೋಡುತ್ತ ಕಾದು ನಿಂತ ಚಾಲಕನ ಕಿವಿಗೆ ಆ ಮಾತು ಇನ್ನು ಬೀಳುವಂತಿರಲಿಲ್ಲ.

ಹಜಾರದಲ್ಲಿ ಗಂಡ ಟಿವಿಯ ಮುಂದಿದ್ದ. ಅವಳು ಅವನ ಬೆನ್ನ ಹಿಂದಿನಿಂದ ಹೋಗಿ, ಕಪಾಟಿನ ಮೇಲೆ ಅಕ್ಕಪಕ್ಕ ಚಾರ್ಜಿಗಿದ್ದ ಎರಡು ಫೋನುಗಳಲ್ಲಿ ತನ್ನದನ್ನು ಮಾತ್ರ ಬಿಡಿಸಿಕೊಂಡಳು. ಅಡುಗೆಮನೆಗೆ ತಂದು ಸಕ್ಕರೆ ಡಬ್ಬದ ಹಿಂದೆ, ಎಡಗೈ ಚಾಚಿದರೆ ಸಿಗುವಷ್ಟು ಹತ್ತಿರ, ಇಟ್ಟುಕೊಂಡಳು.