ಮೇಲೆದ್ದ ಫಿಲ್ಲಿಂಗ್

"ಹೋದ ವರ್ಷ ನೀವು ಹಾಕಿದ ಫಿಲ್ಲಿಂಗು ಇವಳ ನಾಲಿಗೆಗೆ ಚುಚ್ಚುತ್ತಂತೆ. ಕೆಲಸ ಸರಿಯಾಗಿ ಮಾಡಿಲ್ಲ ಅಂತ ಕಾಣುತ್ತೆ," ಎಂದು ಹುಡುಗಿಯ ತಾಯಿ ಕುರ್ಚಿಯ ಪಕ್ಕದಲ್ಲೇ ನಿಂತು ಹೇಳಿದಳು.

ಹಲ್ಲಿನ ಡಾಕ್ಟರಿಗೆ ಮೂಗಿನ ತುದಿಯಲ್ಲೇ ಸಿಟ್ಟು. ಇಪ್ಪತ್ತೆರಡು ವರ್ಷದಲ್ಲಿ ಅವರ ಕೆಲಸಕ್ಕೆ ಯಾರೂ ಬೆರಳು ತೋರಿಸಿದ್ದಿಲ್ಲ. ಹುಡುಗಿಯ ಬಾಯಿಗೆ ಕನ್ನಡಿ ಹಿಡಿದರು. ನಿಜ, ಫಿಲ್ಲಿಂಗು ಹಲ್ಲಿಗಿಂತ ಎತ್ತರಕ್ಕೆ ಉಬ್ಬಿ ನಿಂತಿತ್ತು. ಉಜ್ಜಿ ಸಮ ಮಾಡಿ ಕಳಿಸಿಬಿಡೋಣ ಎಂದು ಡ್ರಿಲ್ ಎತ್ತಿಕೊಂಡವರು ಹಾಗೇ ನಿಂತರು. ಫಿಲ್ಲಿಂಗೇನು ಬೆಳೆಯುವ ವಸ್ತುವೇ? ಸುತ್ತಲಿನ ಹಲ್ಲೇ ಕರಗಿತ್ತು. ಮುಂದಿನ ಹಲ್ಲುಗಳ ಹಿಂಬದಿ ಸವೆದು ಗಾಜಿನಷ್ಟು ನುಣುಪಾಗಿತ್ತು. ಕಿವಿಯ ಕೆಳಗೆ ಎರಡೂ ಕಡೆ ಸಣ್ಣಗೆ ಊತ.

"ಸೋಡಾ, ನಿಂಬೆರಸ ಜಾಸ್ತಿ ಕುಡೀತಾಳಾ?"

"ನಾನಿರೋವಾಗ? ತಟ್ಟೆ ಖಾಲಿ ಆಗೋ ತನಕ ಎದುರಿಗೇ ಕೂತಿರ್ತೀನಿ. ಉಂಡ ಕೂಡಲೇ ಬಚ್ಚಲಿಗೆ ಹೋಗಿ ಬ್ರಷ್ ಬೇರೆ ಮಾಡ್ತಾಳೆ, ಮೂರು ಹೊತ್ತೂ. ಇವರಪ್ಪನಿಗೆ ಒಂದು ಹೊತ್ತಿಗೇ ಕೈ ಸೋತುಹೋಗುತ್ತೆ!"

"ಎಕ್ಸ್‌ರೇ ತೆಗೀಬೇಕು. ನೀವು ಹೊರಗೆ ಕೂತಿರಿ."

"ಹೋದ ಸಲ ಇಲ್ಲೇ ಇದ್ದೆನಲ್ಲ?"

"ಹೋದ ಸಲ ನನಗೆ ಬುದ್ಧಿ ಇರಲಿಲ್ಲ. ಹೊರಡೀಮ್ಮ."

ಬಾಗಿಲು ಮುಚ್ಚಿತು. ಡಾಕ್ಟರು ಎಕ್ಸ್‌ರೇ ಯಂತ್ರದ ಹತ್ತಿರವೂ ಸುಳಿಯಲಿಲ್ಲ. ಹಿಂದೊಮ್ಮೆ ಇಂಥದ್ದೇ ಹಲ್ಲು ಕಂಡು, "ತಿಂದದ್ದೆಲ್ಲ ಕಕ್ಕಿಬಿಡ್ತೀಯಾ?" ಎಂದು ಒಬ್ಬಳನ್ನು ಗದರಿದ್ದರು. ಎದ್ದು ಹೋದವಳು ಮತ್ತೆ ಇತ್ತ ತಲೆ ಹಾಕಲಿಲ್ಲ. ಇವಳೂ ಬಾಯಿ ಮುಚ್ಚಿಕೊಂಡು ಹೋದರೆ ಹಲ್ಲಷ್ಟೇ ಅಲ್ಲ, ಹುಡುಗಿಯೇ ಕೈತಪ್ಪಿ ಹೋಗುತ್ತಾಳೆ. ಅವರು ಸಿಟ್ಟು ನುಂಗಿದರು. ಕುರ್ಚಿಯನ್ನು ನೇರ ಮಾಡಿ, ಮಾಸ್ಕ್ ಕೆಳಗಿಳಿಸಿ, ಪೇಸ್ಟ್ ಬಗ್ಗೆ ಮಾತಾಡುವಷ್ಟೇ ಸಲೀಸಾಗಿ ಹೇಳಿದರು:

"ನೋಡು ಪುಟ್ಟಾ, ಹೊಟ್ಟೆಯ ಹುಳಿ ಬಾಯಿಗೆ ಬಂದಾಗ ಹಲ್ಲು ಮೆತ್ತಗಾಗುತ್ತೆ. ಆಗಲೇ ಬ್ರಷ್ ಹಾಕಿ ತಿಕ್ಕಿದ್ರೆ ಇನ್ನಷ್ಟು ಸವೆಯುತ್ತೆ. ಬರೀ ನೀರಲ್ಲಿ ಮುಕ್ಕಳಿಸಿ, ಒಂದು ಗಂಟೆ ಬಿಟ್ಟು ಬ್ರಷ್ ಮಾಡು."

ಹುಡುಗಿ ಮುಚ್ಚಿದ ಬಾಗಿಲನ್ನೇ ನೋಡುತ್ತ ಕೂತಳು. ಆಮೇಲೆ ಪಿಸುಗುಟ್ಟಿದಳು:

"ಒಂದು ಗಂಟೆನಾ? ಅಷ್ಟರೊಳಗೆ ಅಮ್ಮನಿಗೆ ವಾಸನೆ ಬಂದುಬಿಡುತ್ತಲ್ಲ ಅಂಕಲ್..."