ಬಾಗಿಲು ಬಡಿಯುವ ದೆವ್ವ

ಈಗಲೂ ಒಣ ಮೆಣಸಿನಕಾಯಿ ಚೀಲ ಬಿಚ್ಚಿದರೆ ನನಗೆ ಹಳೆಯ ದೆವ್ವದ ಸಿನಿಮಾವೊಂದು ನೆನಪಾಗುತ್ತದೆ.

ಸಂಶಿ ಊರಿನ ನಮ್ಮ ಮನೆಗೆ ಅಣ್ಣ ಟಿ.ವಿ., ವಿಸಿಆರ್ ಬಾಡಿಗೆಗೆ ತಂದಿದ್ದ. ಮಧ್ಯಾಹ್ನದ ಬಿಸಿಲು ಒಳಬರಬಾರದೆಂದು ಕಿಟಕಿಗೆ ಖಾಲಿ ಮೆಣಸಿನಕಾಯಿ ಚೀಲ ಕಟ್ಟಿದ. ಘಾಟಿಗೆ ಎಲ್ಲರ ಕಣ್ಣೂ ಉರಿಯತೊಡಗಿದವು.

"ಕಣ್ಣ ಮುಚ್ಚಿದರ ಹೊರಗ ಹಾಕತೇನಿ ನೋಡ. ಕಾನ್ವೆಂಟ್ ಸಾಲಿ ಕಲಿಯಾಕಿ ಆಗಿ ದೆವ್ವಕ್ಕ ಅಂಜತಿ, ಹೋದ್ ಸಲ ಅರ್ಧಕ್ಕ ಓಡಿ ಹೋಗಿದ್ದಿ," ಎಂದ ನನಗೆ.

ಈ ಸಲ ಕೊನೆಯವರೆಗೂ ನೋಡಿಯೇ ತೀರುವೆನೆಂದು ನಾನು ಚಾಪೆಯ ಅಂಚು ಬಿಗಿಯಾಗಿ ಹಿಡಿದು ಕುಳಿತೆ.

ಬಿಳಿ ಸೀರೆಯ ದೆವ್ವ ತನ್ನ ಗಂಡನ ಮನೆಯ ಬಾಗಿಲು ಬಡಿಯತೊಡಗಿತು. ನನ್ನ ರೆಪ್ಪೆ ಇನ್ನೇನು ಮುಚ್ಚಬೇಕು, ಪಕ್ಕದಲ್ಲಿದ್ದ ಅತ್ತೆ ನನ್ನ ಗದ್ದ ಹಿಡಿದೆತ್ತಿದಳು. ಅಪ್ಪನ ತಂಗಿ ಅವಳು. ಮದುವೆಯಾದ ವರ್ಷವೇ ಗಂಡನ ಮನೆಯವರು ಅವಳನ್ನು ನಮ್ಮ ಮನೆಗೆ ತಂದು ಬಿಟ್ಟುಹೋಗಿದ್ದರು.

"ಅಂಜಬ್ಯಾಡ, ನೋಡು. ಆಕಿ ಯಾರಿಗೇನ ಮಾಡ್ಯಾಳ? ಬಾಗಲಾ ತಗೀರಿ ಅನ್ನಾಕತ್ತಾಳ, ಅಷ್ಟ."

"ದೆವ್ವ ಅದು, ಅತ್ತಿ. ಸುಮ್ನ ಕುಂದ್ರು," ಎಂದು ಅಣ್ಣ ನಕ್ಕ.

ನಾನು ಕಣ್ಣು ಮುಚ್ಚಲಿಲ್ಲ. ಆ ಬಾಗಿಲನ್ನು ಕೊನೆಯವರೆಗೂ ಯಾರೂ ತೆಗೆಯಲಿಲ್ಲ. ಸಿನಿಮಾ ಮುಗಿದು ಅಣ್ಣ ವೈರು ಕೀಳಲು ಎದ್ದಾಗ ಅತ್ತೆ ಕುಳಿತಲ್ಲಿಂದಲೇ ಹೇಳಿದಳು:

"ಮೊದಲಿಂದ ಹಚ್ಚು. ಇನ್ನೊಮ್ಮಿ ನೋಡತೇನಿ."

ನಾನು ಇನ್ನಷ್ಟು ಸರಿದು ಅವಳ ಮಗ್ಗುಲಿಗೆ ಅಂಟಿ ಕುಳಿತೆ.