ಕಡಲಿಗೆ ಕೇಳುವ ಮೈಕು

ಚಂಡಮಾರುತ ಕಡಲತಡಿಯ ಊರನ್ನು ನುಂಗಿದ ಮೇಲೆ ಸರಕಾರ ಗುಡ್ಡದ ಮೇಲೆ ಮನೆಗಳನ್ನು ಕಟ್ಟಿಸಿಕೊಟ್ಟಿತು. ಹೊಸ ಮನೆಯಲ್ಲಿ ಮೂಕಾಂಬುವಿಗೆ ನಿದ್ದೆ ಹತ್ತಲಿಲ್ಲ. ಮೀನಿಗೆ ಹೋಗಿದ್ದ ಗಂಡ ಅಂದು ಮರಳಿರಲಿಲ್ಲ, ಹೆಣವೂ ಸಿಕ್ಕಿರಲಿಲ್ಲ.

ಉಳಿದ ಅನುದಾನದಲ್ಲಿ ಏನು ಮಾಡೋಣವೆಂದು ಸಭೆ ಸೇರಿದಾಗ ಎಲ್ಲರೂ ರಸ್ತೆ ಕೇಳಿದರು. ಅವಳೊಬ್ಬಳೇ ಹಟ ಹಿಡಿದಳು.

"ದೂರದ ಕಡಲಿಗೂ ಕೇಂಬ ಹಾಂಗೆ ಮೈಕ್ ಹಾಕಿ."

ಪಾಪ, ಗಾಳಿಯ ಮುನ್ಸೂಚನೆ ಕಡಲಲ್ಲಿದ್ದವರಿಗೆ ಮುಟ್ಟಿ ಇನ್ನೊಬ್ಬರ ಮನೆ ಹಾಳಾಗದಿರಲೆಂಬ ಆಸೆ, ಎಂದುಕೊಂಡು ಊರು ಒಪ್ಪಿತು.

ಮೈಕು ಬಂದ ದಿನ ಎಂಜಿನಿಯರ್ ಅದನ್ನು ಅವಳ ಕೈಗೇ ಕೊಟ್ಟರು. "ಗಾಳಿ ಬರ್ತಾ ಇದೆ, ದಡಕ್ಕೆ ಬನ್ನಿ ಅಂತ ಹೇಳಮ್ಮ. ಸುಮ್ಮನೆ ಪರೀಕ್ಷೆಗೆ."

ಮೂಕಾಂಬು ಕಡಲಿನತ್ತ ತಿರುಗಿ ನಿಂತಳು.

"ಹ್ವಾಯ್, ಕೇಂತಾ ನಿಮ್ಗೆ? ನಮ್ಮನೆ ಈಗ ಕಡಲ ಬದಿಗಿಲ್ಲೆ. ಗುಡ್ಡಿ ಮೇಲೆ ಕೊಟ್ಟಿರ್. ಅಲ್ಲಿಗೇ ಬನ್ನಿ."